ಸೀಟು ಮುಂದಕ್ಕೆ ಎಳೆದವರು

ಅಕ್ಕನ ಮನೆ
ಗುರುವಾರ ಸಂಜೆ

ರೀ,

'ಪ್ರೀತಿಯ' ಎಂದು ಮೊದಲು ಬರೆದು, ಆಮೇಲೆ ಅದರ ಮೇಲೆ ಗೀಟು ಹಾಕಿದ್ದೇನೆ. ಓದಲು ಸಿಗುವಷ್ಟು ತೆಳ್ಳಗೇ ಹಾಕಿದ್ದೇನೆ, ಹುಡುಕಿಕೊಳ್ಳಿ.

ನಾನು ಕ್ಷೇಮ. ಅಕ್ಕನ ಮಂಡಿನೋವು ಪೂರ್ತಿ ಹೋಗಿಲ್ಲ, ಅದಕ್ಕೇ ಇಲ್ಲಿ ಉಳಿದಿದ್ದೇನೆ. ಫೋನಿನಲ್ಲೂ ಇದನ್ನೇ ಹೇಳಿದೆ. ನೀವು 'ಹೂಂ' ಅಂದಿರಿ, ನನಗೆ ರೇಗಿತು. ಕಾಗದದಲ್ಲಾದರೆ ನಡುವೆ ಬಾಯಿ ಹಾಕಿ ಹೂಂ ಎನ್ನಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರಿಗೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳುವ ಉಪಾಯ ನನ್ನದೇ, ಒಪ್ಪುತ್ತೇನೆ. ಪೆಟ್ರೋಲ್, ಇನ್ಶೂರೆನ್ಸ್, ಸರ್ವೀಸ್ ಎಂದು ಅದು ನಮ್ಮಿಬ್ಬರ ದುಡಿಮೆಯನ್ನು ನುಂಗಿ ನೀರು ಕುಡಿಯುತ್ತಿತ್ತು. ನಿಮ್ಮ ಆಫೀಸಿನ ದಾರಿಯವರು ಯಾರಾದರೂ ಅರ್ಧ ಖರ್ಚು ಕೊಟ್ಟು ಜೊತೆಗೆ ಬರಲಿ, ಇಲ್ಲವಾದರೆ ಕಾರು ಮಾರಿಬಿಡೋಣ ಎಂದು ಖಡಾಖಂಡಿತವಾಗಿ ಹೇಳಿದವಳು ನಾನು. ನನ್ನ ಕಾರ್ಖಾನೆ ಎದುರು ದಿಕ್ಕಿಗೆ, ನನಗೆ ಬಸ್ ಪಾಸ್ ಇದೆ. ಆದರೆ ಬರುವವಳು ಕನ್ನಡಕದ ಅಂಗಡಿಯ ಆ ಹುಡುಗಿ ಎಂದು ನನಗೇನು ಗೊತ್ತು? ಬೊಕ್ಕತಲೆಯ ಗುಮಾಸ್ತರೊಬ್ಬರು ಸಿಗುತ್ತಾರೆ ಎಂದುಕೊಂಡಿದ್ದೆ.

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ವಾರವಿಡೀ ಅವಳು, ಭಾನುವಾರ ಮಾತ್ರ ನಾನು. ತರಕಾರಿ ತರಲು ಹೊರಟು ಕಾರು ಹತ್ತಿದರೆ ನನ್ನ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತಿತ್ತು. ಅವಳು ಕುಳ್ಳಿ, ಸೀಟನ್ನು ಮುಂದಕ್ಕೆ ಎಳೆದುಕೊಂಡಿರುತ್ತಿದ್ದಳು. ನಾನು ಹಿಂದಕ್ಕೆ ತಳ್ಳುತ್ತಿದ್ದೆ. ಮರುವಾರ ನೋಡಿದರೆ ಮತ್ತೆ ಮುಂದಕ್ಕೆ. ಒಂದೇ ಒಂದು ಮಾತಾಡದೆ ಆ ಸೀಟಿನ ಹಿಡಿಕೆಯ ಮೇಲೆ ನಾವಿಬ್ಬರೂ ಜಗಳವಾಡಿದ್ದೇವೆ. ನಿಮಗೆ ಇದಾವುದರ ಪರಿವೆಯೇ ಇದ್ದಂತಿರಲಿಲ್ಲ. ಪೆಟ್ರೋಲ್ ಉಳಿಯಲೆಂದು ಆಮೆಯ ಹಾಗೆ ಓಡಿಸುತ್ತಾ, ಸಿಗ್ನಲ್ ಬಂದಲ್ಲೆಲ್ಲ ಇಂಜಿನ್ ಆರಿಸುತ್ತಾ ಕೂತಿರುತ್ತಿದ್ದಿರಿ.

ಆಮೇಲೆ ನಿಮ್ಮ ಕೂದಲು. ತಿಂಗಳು ತಪ್ಪದೆ ಕಟಿಂಗಿಗೆ ಹೋಗುತ್ತಿದ್ದವರು ಕಾಲರ್ ಮುಟ್ಟುವಷ್ಟು ಬಿಟ್ಟಿರಿ. ಕೇಳಿದರೆ 'ಹಿಂಗೇ ಚೆನ್ನಾಗಿದೆ ಬಿಡೇ' ಅಂದಿರಿ. ಯಾರ ಕಣ್ಣಿಗೆ ಚೆನ್ನಾಗಿದೆ? ದಿನವಿಡೀ ಹೊಸ ಶರ್ಟುಗಳಲ್ಲಿ ತಪ್ಪು ಹೊಲಿಗೆ ಹುಡುಕುವುದು ನನ್ನ ಕೆಲಸ. ಮನೆಯಲ್ಲೂ ಹುಡುಕಿದೆ. ನೀವು ಹಾಗಂದ ಮರುದಿನವೇ ಬ್ಯಾಗು ತುಂಬಿಕೊಂಡು ಇಲ್ಲಿಗೆ ಬಂದೆ. ಅಕ್ಕನ ಮಂಡಿ ಬರೀ ನೆಪ. ಅವಳು ಮೆಟ್ಟಿಲನ್ನು ಓಡಿಯೇ ಹತ್ತುತ್ತಾಳೆ.

ಇವತ್ತು ಬಸ್ ನಿಲ್ದಾಣದಲ್ಲಿ ಆ ಕನ್ನಡಕದ ಅಂಗಡಿಯವಳೇ ಸಿಕ್ಕಳು. ನನ್ನನ್ನು ಕಂಡದ್ದೇ ಓಡಿಬಂದು 'ಅಕ್ಕಾ' ಅಂದಳು. ಅಕ್ಕನಂತೆ ಅಕ್ಕ! ಕಾರಿರುವಾಗ ಬಸ್ಸಿಗೆ ಯಾಕೆ ನಿಂತಿದ್ದೀ ಎಂದು ಚುಚ್ಚಿ ಕೇಳಿದೆ. ಅವಳು ಪೆಚ್ಚಾದಳು. 'ಕಾರಿಗೆ ಬರೋದು ಬಿಟ್ಟು ಎರಡು ತಿಂಗಳಾಯ್ತಲ್ಲಕ್ಕಾ, ಅಣ್ಣ ಹೇಳ್ಲಿಲ್ವಾ? ಅವರು ಓಡಿಸೋ ಸ್ಪೀಡಿಗೆ ದಿನಾ ಲೇಟಾಗಿ ಅಂಗಡೀಲಿ ಬೈಸ್ಕೊಂಡು ಸಾಕಾಗಿಹೋಯ್ತು' ಅಂದಳು.

ಎರಡು ತಿಂಗಳು! ಹಾಗಾದರೆ ಅವಳ ಪಾಲು ಎಂದು ನೀವು ಕಪಾಟಿನ ಡಬ್ಬಿಗೆ ಹಾಕುತ್ತಿದ್ದ ಹಣ ಯಾರದು? ಕಟಿಂಗಿನ ಹಣ, ಇನ್ನೂ ಯಾವ್ಯಾವುದರದ್ದೋ, ಎಲ್ಲ ಅಲ್ಲಿಗೇ ಹೋಯಿತು ತಾನೇ? ನನಗೆ ಅನುಮಾನ ಬಾರದಿರಲೆಂದು ಶನಿವಾರ ಕೆಳಗಿಳಿದು ಹೋಗಿ ಸೀಟನ್ನು ಮುಂದಕ್ಕೆ ಎಳೆದು ಬರುತ್ತಿದ್ದವರೂ ನೀವೇ. ಗೊತ್ತಾದರೆ ಕಾರು ಮಾರಿಸುತ್ತೇನೆಂದು ಹೆದರಿದಿರಾ? ಕಾರು ಉಳಿಯಲಿ ಎಂದೋ, ನಮ್ಮ ಭಾನುವಾರ ಉಳಿಯಲಿ ಎಂದೋ? ಇದಕ್ಕೆ ಹೂಂ ಎಂದರೆ ಸಾಲದು.

ಇನ್ನೊಂದಿದೆ. ದಾರಿಯುದ್ದಕ್ಕೂ ನೀವು ಅವಳಿಗೆ ನನ್ನ ಸುದ್ದಿಯನ್ನೇ ಹೇಳುತ್ತಿದ್ದಿರಂತೆ. ನಾನು ನಿದ್ದೆಯಲ್ಲೂ ಶರ್ಟಿನ ಗುಂಡಿ ಎಣಿಸುತ್ತೇನಂತೆ. ನಾನು ಮನಸಾರೆ ನಕ್ಕರೆ ನಿಮ್ಮ ಆ ದಿನದ ಸುಸ್ತು ಇಳಿಯುತ್ತದಂತೆ. ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ಮುಂದೆ ಬಾಯಿಬಿಟ್ಟು ಹೇಳದ್ದನ್ನು ನನಗಿಂತ ಮೊದಲು ಅವಳು ಕೇಳಿಬಿಟ್ಟಳಲ್ಲ! ಸೀಟು ಬೇಕಾದರೆ ಅವಳೇ ಇಟ್ಟುಕೊಳ್ಳಲಿ. ಆ ಮಾತುಗಳು ನನಗೆ ಸೇರಬೇಕಾದವು.

ಈ ಭಾನುವಾರ ಕರೆದುಕೊಂಡು ಹೋಗಲು ಬನ್ನಿ. ಕೂದಲು ಕತ್ತರಿಸಿಕೊಂಡು, ಸೀಟು ಹಿಂದಕ್ಕೆ ಸರಿಸಿಕೊಂಡು ಬನ್ನಿ. ವಾಪಸು ಹೋಗುವಾಗ ನೀವೇ ಮಾತಾಡಬೇಕು. ಎಷ್ಟು ನಿಧಾನಕ್ಕೆ ಓಡಿಸಿದರೂ ನಾನು ಏನೂ ಅನ್ನುವುದಿಲ್ಲ.

ಇಂತಿ,
ನಿಮ್ಮ ಭಾನುವಾರದವಳು

ತಾ.ಕ.: ಕಟಿಂಗಿಗೆಂದು ಡಬ್ಬಿಗೆ ಕೈ ಹಾಕಬೇಡಿ. ಹಾಕುವುದು ನಿಮ್ಮ ಕೆಲಸ, ತೆಗೆಯುವುದು ನನ್ನದು ಎಂದಾಗಿತ್ತಲ್ಲ, ಎಲ್ಲ ತೆಗೆದಾಗಿದೆ. ಅವಳ ಜೊತೆ ನೀವು ಹೇಗಿರುತ್ತೀರೋ ನೋಡೋಣ ಎಂದು ಎಷ್ಟೋ ಬೆಳಗ್ಗೆ ಆ ಹಣದಲ್ಲೇ ಟ್ಯಾಕ್ಸಿ ಮಾಡಿಕೊಂಡು, ಅವಳು ಹತ್ತುವ ಜಾಗದ ಆಚೆಯಿಂದ ನಿಮ್ಮ ಹಿಂದೆಯೇ ಬಂದಿದ್ದೆ. ನೀವು ಆ ಪರಿ ನಿಧಾನ ಹೋದರೆ ಮೀಟರ್ ಏರದೆ ಇರುತ್ತದೆಯೇ? ಪ್ರತಿ ಸಲವೂ ನಿಮ್ಮ ಪಕ್ಕದ ಸೀಟು ಖಾಲಿಯೇ ಕಂಡಿತು. ಕುಳ್ಳಿಯಲ್ಲವೇ, ಹಿಂದಿನಿಂದ ತಲೆ ಕಾಣಿಸುತ್ತಿಲ್ಲ ಎಂದುಕೊಂಡೆ.