ಗುಂಡಿ ಡಬ್ಬಿಯ ಜೋಡಿ ಮಾತ್ರೆ

ರೀ,

ನೀವಿನ್ನೂ ಮಲಗಿದ್ದೀರಿ, ನನಗೆ ಡ್ಯೂಟಿಗೆ ಹೊತ್ತಾಯ್ತು. ಥೈರಾಯ್ಡ್ ಮಾತ್ರೆ ಒಂದು ದಿನವೂ ತಪ್ಪಿಸದಿದ್ರೂ ನಿಮ್ಮ ರಿಪೋರ್ಟ್ ಯಾಕೆ ಸರಿಹೋಗ್ತಿಲ್ಲ ಅನ್ನೋದು ಗೊತ್ತಾಯ್ತು! ಯೂನಿಫಾರಂಗೆ ಗುಂಡಿ ಹುಡುಕೋಕೆ ನಿಮ್ಮ ಹೊಲಿಗೆ ಮಿಷನ್ ಮೇಲಿನ ಡಬ್ಬಿ ತೆಗೆದರೆ, ಖಾನೆಗೊಂದು ಜೋಡಿ: ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ತಡೀಲಾರದೆ ಮಾತ್ರೆ ಜೊತೆ ಬಂದ ಸಣ್ಣಕ್ಷರದ ಕಾಗದ ಬಿಡಿಸಿ ಓದಿದೆ. ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನ ಮೈಗೆ ಹತ್ತೋಕೆ ಬಿಡಲ್ವಂತೆ. ಎಂಥಾ ಸೋಜಿಗ!

ಎರಡನ್ನೂ ಬೇರೆ ಮಾಡಿಟ್ಟಿದ್ದೀನಿ. ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. ಒಂದು ಗಂಟೆ ಕಾಫಿ ಇಲ್ಲ, ಗೊಣಗಬೇಡಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಮೇಲೆ. ನಡುವೆ ನಾಲ್ಕು ಗಂಟೆ ಇರಲೇಬೇಕು. ಸಂಜೆ ರಿಪೋರ್ಟ್ ತೋರಿಸೋಕೆ ಹೋದಾಗ, ಡಾಕ್ಟರ್ ಡೋಸ್ ಹೆಚ್ಚಿಸೋ ಮೊದಲೇ ಇದನ್ನ ಹೇಳಿ.

‘ಎರಡನ್ನೂ ಒಟ್ಟಿಗೆ ನುಂಗಿಬಿಡಿ, ಮರೆಯಲ್ಲ’ ಅಂದಿದ್ದು ನಾನೇ. ಇಷ್ಟು ವರ್ಷದಲ್ಲಿ ನನ್ನ ಮಾತು ಒಂದೇ ಸಲ ಕೇಳಿದ್ದೀರಿ, ಅದೂ ಇದನ್ನೇ ಕೇಳಬೇಕಿತ್ತಾ?