ಬಾಲದೊಳಗಿನ ಸ್ಪ್ಯಾನರ್

ಮಾರ್ಚ್ 11, ಮಂಗಳವಾರ

ಏಳು ವರ್ಷ ಶೆಡ್ಡಿನಲ್ಲಿ ನಾನೂ ತಂಗಿಯೂ ಕಟ್ಟಿದ ವಿಮಾನಕ್ಕೆ ನಾಳೆ ತಪಾಸಣೆ. ಹಾರಲು ಯೋಗ್ಯವೆಂದು ಅಧಿಕಾರಿ ಬರೆದುಕೊಡಬೇಕು. ಸಂಜೆ ಸಾಮಾನು ಎಣಿಸುವಾಗ ಒಂದು ಸ್ಪ್ಯಾನರ್ ಕಡಿಮೆ ಬಂತು.

"ಎಲ್ಲೋ ಬಿದ್ದಿರತ್ತೆ, ಬಿಡೇ," ಅಂದೆ. ಸೊಂಟ ಬಿದ್ದುಹೋಗಿತ್ತು.

"ಎಲ್ಲೋ ಅಂದ್ರೆ ಎಲ್ಲಣ್ಣ? ಬಾಲ ಬಿಚ್ಚು," ಅಂದಳು.

ನಿನ್ನೆಯಷ್ಟೇ ಬಿಗಿದ ನಲವತ್ತು ಸ್ಕ್ರೂಗಳನ್ನು ಮತ್ತೆ ಬಿಚ್ಚಿದೆವು. ಒಳಗೆ, ವಿಮಾನ ಏರಿಸಿ ಇಳಿಸಲು ಬಾಲದ ರೆಕ್ಕೆ ಎಳೆಯುವ ಕೇಬಲ್ಲಿಗೆ ಒರಗಿಕೊಂಡು ಸ್ಪ್ಯಾನರ್ ಮಲಗಿತ್ತು. ತಂಗಿ ಅದನ್ನು ತೆಗೆದು ನನ್ನ ಕೈಗಿಟ್ಟಳು; ಬೈದಿದ್ದರೆ ಹಗುರಾಗುತ್ತಿತ್ತು. ಒಳಗೆಲ್ಲ ನೋಡಿದ್ದೇನೆಂದು ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದವನು ನಾನು. ಮೊದಲ ಹಾರಾಟಕ್ಕೆ ಕೂರುವವಳು ಅವಳು.

ಸಹಿಯ ಮೇಲೆ ಗೆರೆ ಎಳೆದು ಕಾರಣ ಬರೆದಿದ್ದೇನೆ. ಅಧಿಕಾರಿ ಓದಲಿ. ಬೆಳಿಗ್ಗೆ ತಂಗಿಯೇ ಟಾರ್ಚ್ ಹಿಡಿದು ನೋಡಿ, ಅವಳೇ ಸಹಿ ಹಾಕಲಿ. ಸ್ಕ್ರೂ ಬಿಗಿಯುವ ಕೆಲಸ ಮಾತ್ರ ನನಗಿರಲಿ.