ಬೈನೆಗುಂಡಿ ಮನೆಯ ಕೂಗು

೧೨ ಫೆಬ್ರವರಿ ೨೦೦೧, ಬೆಳಿಗ್ಗೆ

ಮನೆಪುಸ್ತಕದ ನಕಲು. ಹತ್ತೊಂಬತ್ತನೇ ಪುಟ. ಗೆದ್ದಲು ತಿಂದ ಕಡೆ ಊಹೆ ಮಾಡಬಾರದು, ಖಾಲಿ ಬಿಡಬೇಕು. ಮೂವತ್ತು ವರ್ಷ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನಿಗೆ ಅಷ್ಟು ಶಿಸ್ತಿದೆ.

ಊರಿನ ಇಪ್ಪತ್ತಮೂರು ಮನೆತನ, ಯಾವ ವರ್ಷ ಯಾರು ಓಗೊಟ್ಟರು, ಎಲ್ಲ ಇದರಲ್ಲೇ. ವರ್ಷಕ್ಕೊಮ್ಮೆ ಊರಮ್ಮನ ಪೂಜೆಯ ದಿನ ಗುಡಿ ಮೆಟ್ಟಿಲ ಮೇಲೆ ನಿಂತು ಮನೆ ಹೆಸರು ಕೂಗುವುದು ಅಜ್ಜನ ಕಾಲದಿಂದ ನಮ್ಮ ಪಾಲು. ಆ ಮನೆಯ ಹಿರಿಯ "ಇದ್ದೀವಿ ತಾಯಿ" ಅನ್ನಬೇಕು. ಸತತ ಮೂರು ವರ್ಷ ಉತ್ತರ ಬರದಿದ್ದರೆ ಆಮೇಲೆ ಆ ಹೆಸರು ಕೂಗುವುದಿಲ್ಲ.

ಸಾವಿತ್ರಿ ಕಾಫಿ ಇಟ್ಟು ಹೋದಳು. "ಸಂಬ್ಳ ಇಲ್ದ ಕೆಲ್ಸಕ್ಕೆ ಎಷ್ಟು ಕಣ್ಣು ಸವೆಸ್ತೀರಿ ಮಾರಾಯ್ರೆ!" ಹೆಂಡತಿಯ ಆಶೀರ್ವಾದ, ದಿನಾ ಇದ್ದದ್ದೇ.

೧೪ ಫೆ.

ದಿಲೀಪ್ ಬಂದಿದ್ದ. ಗುಡಿ ಸಮಿತಿ ಅಧ್ಯಕ್ಷ ಈಗ. ಮನೆಹೆಸರುಗಳ ಕಲ್ಲು ಕೆತ್ತಿಸುತ್ತಾರಂತೆ.

"ರೈಟ್ರೇ, ಬೈನೆಗುಂಡಿ ಬಿಟ್ಬಿಡಿ. ಎರಡು ವರ್ಷದಿಂದ ಉತ್ರ ಇಲ್ಲ. ಗಂಡು ದಿಕ್ಕಿಲ್ದ ಮನೆ, ಈ ವರ್ಷ ಮಾತ್ರ ಯಾರು ಓಗೊಡ್ತಾರೆ?"

ಹ್ಞೂಂ ಅಂದೆ. ಯಾಕಂದೆನೋ.

ಬೈನೆಗುಂಡಿ ನಾಗೇಶ ತೀರಿಕೊಂಡು ಎರಡೂವರೆ ವರ್ಷ. ಹೆಂಡತಿ ತುಂಗಮ್ಮ ಕೊಟ್ಟಿಗೆಹಾರದಲ್ಲಿ ಸಣ್ಣ ಹೋಟೆಲ್ ಇಟ್ಟುಕೊಂಡಿದ್ದಾಳೆ. ಮಗಳು ಧನ್ಯಾ ಅಲ್ಲೇ ಶಾಲೆಗೆ.

೧೫ ಫೆ.

ಬರೆದೇ ಬಿಡುತ್ತೇನೆ. ಹೋದ ವರ್ಷ ಬೈನೆಗುಂಡಿ ಅಂತ ಕೂಗಿದಾಗ ಹೆಂಗಸರ ಕಡೆ ತುಂಗಮ್ಮನ ತುಟಿ ಅಲುಗಿತ್ತು. ನೋಡಿದೆ. ಹೆಂಗಸರು ಓಗೊಡುವ ಪದ್ಧತಿ ಇಲ್ಲವಲ್ಲ ಅಂತ ಗಡಬಡಿಸಿ ಮುಂದಿನ ಮನೆ ಕೂಗಿಬಿಟ್ಟೆ. ಪದ್ಧತಿಯಂತೆ! ಥೂ. ಹೆದರಿಕೆ ಅದು, ನನ್ನದೇ.

೨೧ ಫೆ.

ಸಿಕ್ಕಿತು! ೧೯೧೮ರ ದೊಡ್ಡ ಜ್ವರದ ಮರುವರ್ಷ, ಅಜ್ಜನ ಕೈಬರಹ — "ಬೈನೆಗುಂಡಿ. ಗಂಡಸರು ಉಳಿದಿಲ್ಲ. ಸೊಸೆ ಮುತ್ತಮ್ಮ ಓಗೊಟ್ಟಳು."

ಅಜ್ಜ ಕಾದಿದ್ದಾನೆ. ನಾನು ಕಾಯಲಿಲ್ಲ.

೨೨ ಫೆ.

ಕೊಟ್ಟಿಗೆಹಾರ. ತುಂಗಮ್ಮ ನೀರುದೋಸೆ ಹಾಕುತ್ತಿದ್ದಳು. ಪುಟ ತೋರಿಸಿದೆ. ಕೈ ಒರೆಸಿಕೊಂಡು ಎರಡು ಸಲ ಓದಿದಳು.

"ಹೋದ್ವರ್ಷ ಬಾಯಿ ತೆಗ್ದಿದ್ದೆ ರೈಟ್ರೇ. ನೀವು ಮುಂದಿನ ಮನೆಗೆ ಹೋದ್ರಿ."

"ತಪ್ಪಾಯ್ತಮ್ಮ."

"ಊರೆದ್ರು ಇನ್ನೊಂದ್ಸಲ ಬಾಯಿ ಮುಚ್ಚಿಸ್ಕೊಳ್ಳೋಕೆ ಬರಲ್ಲ ನಾನು."

ಧನ್ಯಾ ಪುಟದ ಮೇಲೆ ಬೆರಳಿಟ್ಟು, "ಅಮ್ಮ, ಇದು ನಮ್ಮನೆ ಹೆಸ್ರಲ್ವಾ?" ಅಂದಳು. ತುಂಗಮ್ಮ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ದೋಸೆ ಹಾಕಿದಳು.

೩ ಮಾರ್ಚ್

ನಕಲು ಮುಗಿಯಿತು. ಕೊಟ್ಟಿಗೆಹಾರದಿಂದ ಸುದ್ದಿ ಇಲ್ಲ. ಈ ವರ್ಷದ ಪುಟದಲ್ಲಿ ಬೈನೆಗುಂಡಿ ಎದುರಿಗೆ ಜಾಗ ಬಿಟ್ಟಿದ್ದೇನೆ.

೯ ಮಾರ್ಚ್, ಮಧ್ಯಾಹ್ನ

ಪೂಜೆ ಆಯಿತು.

ತುಂಗಮ್ಮ ಬಂದಿದ್ದಳು. ಹೆಂಗಸರ ಹಿಂದೆ, ಮಗಳ ಕೈ ಹಿಡಿದು, ತಲೆ ತಗ್ಗಿಸಿ. "ಬೈನೆಗುಂಡಿ ಮನೆ!" ಅಂದೆ. ಸದ್ದಿಲ್ಲ. ದಿಲೀಪ್ ಕೆಮ್ಮಿದ. "ಮುಂದೆ ಹೋಗಿ ರೈಟ್ರೇ."

ಹೋಗಲಿಲ್ಲ. ಪುಸ್ತಕ ಮುಚ್ಚಿ ನಿಂತೆ. "ಅಮ್ಮಂಗೇ ಅರ್ಜೆಂಟಿಲ್ಲ, ನಿಂಗ್ಯಾಕೆ ಮಾರಾಯ?" ಅಂದೆ.

ಎಷ್ಟು ಹೊತ್ತೋ.

"ಇದ್ದೀವಿ ತಾಯಿ."

ತುಂಗಮ್ಮನದು ದೊಡ್ಡ ದನಿಯೇನಲ್ಲ. ಎಲ್ಲರಿಗೂ ಕೇಳಿಸಿತು. ಬೆನ್ನಿಗೇ ಧನ್ಯಾ ಅದನ್ನೇ ಜೋರಾಗಿ ಕೂಗಿದಳು.

ಮುಂದಿನದು ನಮ್ಮದೇ ಮನೆ, ಮೇಲ್ಬೈಲು. ಕೂಗಿದೆ. ಓಗೊಡಬೇಕಾದವನೂ ನಾನೇ. ಅದು ಬಿಟ್ಟು ಮುಖ ಒರೆಸಿಕೊಳ್ಳುತ್ತ ನಿಂತುಬಿಟ್ಟೆ. ಕಣ್ಣೆಲ್ಲ ನೀರು. ಆಗ ಹೆಂಗಸರ ಕಡೆಯಿಂದ ಸಾವಿತ್ರಿ — "ಇದ್ದೀವಿ ತಾಯಿ!" ಊರೆಲ್ಲ ನಕ್ಕಿತು. ದಿಲೀಪನೂ. ಮೆಟ್ಟಿಲಿಳಿಯುವಾಗ, "ಕಲ್ಲಿಗೆ ಇಪ್ಪತ್ತಮೂರೂ ಹಾಕ್ಸೋಣ ಬಿಡಿ" ಅಂದ.

ಪುಸ್ತಕದಲ್ಲಿ ಬರೆದಾಯಿತು. ಬೈನೆಗುಂಡಿ — ತುಂಗಮ್ಮ, ಧನ್ಯಾ. ಮೇಲ್ಬೈಲು — ಸಾವಿತ್ರಮ್ಮ.

ಊಟಕ್ಕೆ ಕೂಗುತ್ತಿದ್ದಾಳೆ. ಇದು ಮೂರನೇ ಸಲ. ಇದಕ್ಕೂ ಓಗೊಡದಿದ್ದರೆ...